ದೊಡ್ಡಮ್ಮನ ಕೆಂಪು ಬಟನ್ನು

ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿ ಮಾತಾಡಿದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅಂಥ ಮನುಷ್ಯ ಇನ್ನೂ ಹುಟ್ಟಿಲ್ಲ! ಅವಳ ಹತ್ತಿರ ಫೋನಿಲ್ಲ ಎಂದಲ್ಲ. ಇದೆ. ತಪ್ಪದೆ ಚಾರ್ಜಿಗೆ ಹಾಕುತ್ತಾಳೆ, ತಪ್ಪದೆ ರೀಚಾರ್ಜ್ ಮಾಡಿಸುತ್ತಾಳೆ, ಎಲೆಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ಸುತ್ತುತ್ತಾಳೆ. ಆದರೆ ಎತ್ತುವುದಿಲ್ಲ. ರಿಂಗ್ ಆಯಿತೋ, ಕಟ್!

ಇದು ಅವಳು ಹೊಸದಾಗಿ ಕಂಡುಹಿಡಿದ ವಿದ್ಯೆಯಲ್ಲ. ಫೋನು ಎತ್ತಿದರೆ ಕಾಸು ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಯವರೆಲ್ಲ ಮಿಸ್ಡ್ ಕಾಲಿನಲ್ಲೇ ಸಂಸಾರ ಮಾಡಿದವರು. ಊರು ಸೇರಿದೆವು ಎಂಬುದಕ್ಕೆ ಒಂದು ಮಿಸ್ಡ್ ಕಾಲು. ಆ ಕಡೆಯವರು ಅದನ್ನು ಕಟ್ ಮಾಡಿದರೆ ‘ಸರಿ, ಗೊತ್ತಾಯಿತು, ನಾವೂ ಚೆನ್ನಾಗಿದ್ದೇವೆ’ ಎಂದು ಅರ್ಥ. ಆಮೇಲೆ ಕಾಲ ಬದಲಾಯಿತು. ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸಿದರೆ ಬಾಯಿ ನೋಯುವಷ್ಟು ಮಾತಾಡಬಹುದು ಎಂದಾಯಿತು. ನಾವೆಲ್ಲ ಬದಲಾದೆವು. ದೊಡ್ಡಮ್ಮ ಬದಲಾಗಲಿಲ್ಲ.

ಬ್ಯಾಟರಾಯನಪುರದ ನಮ್ಮ ಮನೆಯಲ್ಲಿ ದೊಡ್ಡಮ್ಮ ಮತ್ತು ಅವಳ ಮಗ, ಅಂದರೆ ನನ್ನ ಅಣ್ಣ, ಕೆಳಗಿದ್ದಾರೆ. ಮಹಡಿಯಲ್ಲಿ ನಾವು, ನಮ್ಮ ಮೇಲೆ ಬಾಡಿಗೆಯವರು. ಹಾಗಾಗಿ ತಾಯಿ ಮಗನ ವಾಗ್ಯುದ್ಧಗಳೆಲ್ಲ ಮೆಟ್ಟಿಲು ಹತ್ತಿ ನನ್ನ ಕಿವಿಗೆ ಬರುತ್ತವೆ.

“ಅಮ್ಮಾ, ಫೋನ್ ಇರೋದು ಮಾತಾಡಕ್ಕೆ ಕಣಮ್ಮಾ!”

“ಮಾತಾಡಕ್ಕೆ ಮನೆ ಐತಲ್ಲ, ಬಂದು ಮಾತಾಡು. ನಾನು ಬದ್ಕಿದೀನೋ ಇಲ್ವೋ ಅಂತ ತಾನೇ ನೀನು ಫೋನ್ ಮಾಡಾದು? ಕಟ್ ಮಾಡ್ತೀನಲ್ಲ! ಸತ್ತೋರು ಎಲ್ಲಾದ್ರೂ ಕಟ್ ಮಾಡ್ತಾರೇನ್ಲಾ?”

ಇದಕ್ಕೆ ಉತ್ತರ ನಿಮ್ಮ ಹತ್ತಿರವಿದ್ದರೆ ತಿಳಿಸಿ. ಅಣ್ಣ ಊಟದ ಡಬ್ಬಿ ಎತ್ತಿಕೊಂಡು ಆಫೀಸಿಗೆ ಹೊರಟ.

ಬಾಡಿಗೆಯವರು ಮಾತ್ರ ಈ ವಿದ್ಯೆಯನ್ನು ಬಹಳ ಬೇಗ ಕಲಿತರು. ಮೇಲಿನ ಮನೆಯ ಹುಡುಗ ಉತ್ತರ ಭಾರತದ ಕಡೆಯವನು, ಕನ್ನಡ ಅಷ್ಟಕ್ಕಷ್ಟೆ. ನಲ್ಲಿಯಲ್ಲಿ ನೀರು ನಿಂತರೆ ದೊಡ್ಡಮ್ಮನಿಗೊಂದು ಮಿಸ್ಡ್ ಕಾಲು ಕೊಡುತ್ತಿದ್ದ. ದೊಡ್ಡಮ್ಮ ಕಟ್ ಮಾಡಿ ಮೋಟರ್ ಹಾಕುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ, ಭಾಷೆಯ ಜಗಳವಿಲ್ಲ! ಆದರೆ ಒಂದು ದೀಪಾವಳಿಗೆ ಅವನು ತನ್ನ ಊರಿನಿಂದ ಭಕ್ತಿಯಿಂದ ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದ. ದೊಡ್ಡಮ್ಮ ಕಟ್ ಮಾಡಿದಳು, ಮೋಟರ್ ಹಾಕಿದಳು. ಟ್ಯಾಂಕು ತುಂಬಿ ಹರಿದು, ನಾವು ಮೆಟ್ಟಿಲ ಮೇಲೆ ಹಚ್ಚಿಟ್ಟಿದ್ದ ದೀಪಗಳೆಲ್ಲ ತೊಳೆದುಹೋದವು.

ಸಾಲ ಬೇಕೇ, ಕಾರ್ಡ್ ಬೇಕೇ ಎಂದು ಪೀಡಿಸುವ ಫೋನುಗಳು ನಿಮಗೂ ಬರುತ್ತವೆ, ನನಗೂ ಬರುತ್ತವೆ. ನಾವು ಬಯ್ಯುತ್ತೇವೆ. ದೊಡ್ಡಮ್ಮನಿಗೆ ಅವು ಯಾವುವೆಂದೇ ಗೊತ್ತಿಲ್ಲ, ಏಕೆಂದರೆ ಎತ್ತಿದರೆ ತಾನೇ! “ಯಾರೋ ಪುಣ್ಯಾತ್ಗಿತ್ತಿ ದಿನಾ ಮಧ್ಯಾಹ್ನ ನನ್ನ ಇಚಾರಿಸ್ಕೋತಾಳೆ ಕಣ್ಲಾ. ನಾನೂ ಚೆಂದಾಗಿವ್ನಿ ಅಂತ ಕಟ್ ಮಾಡ್ತೀನಿ” ಎನ್ನುತ್ತಾಳೆ. ಆ ಕಂಪನಿಯವರಿಗೆ ಇಷ್ಟು ಪ್ರೀತಿ ಇಡೀ ಬೆಂಗಳೂರಿನಲ್ಲಿ ಇನ್ನೆಲ್ಲೂ ಸಿಕ್ಕಿರಲಾರದು.

ಹೀಗಿರುವಾಗ ಅವಳ ಹಳೆಯ ಫೋನು ನೀರಿನ ಸಂಪಿನೊಳಗೆ ಬಿದ್ದು ಪ್ರಾಣ ಬಿಟ್ಟಿತು. ಇದೇ ಸಮಯವೆಂದು ಅಣ್ಣ ದೊಡ್ಡದೊಂದು ಟಚ್ ಫೋನ್ ತಂದ. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ದೊಡ್ಡಮ್ಮ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ದಿನ ಯಶವಂತಪುರದ ಮಾರ್ಕೆಟ್ಟು, ನಾಳೆ ಹೆಬ್ಬಾಳದ ಕೆರೆ, ನಾಡಿದ್ದು ಯಲಹಂಕದ ಗೆಳತಿ. ಟಚ್ ಫೋನಿನಲ್ಲಿ ಮ್ಯಾಪ್ ಹಾಕಿಟ್ಟರೆ ಅಮ್ಮ ಎಲ್ಲಿದ್ದಾಳೆಂದು ಕೂತಲ್ಲೇ ನೋಡಬಹುದಲ್ಲ!

ಆ ಫೋನು ಒಂದು ದಿನ ಬಾಳಿತು. ಮುದ್ದೆ ಕಟ್ಟಿದ ಒದ್ದೆ ಕೈಯಲ್ಲಿ ದೊಡ್ಡಮ್ಮ ಕೆಂಪು ಗುರುತನ್ನು ಒತ್ತಿದ್ದೇ ಒತ್ತಿದ್ದು, ಅದು ಜಪ್ಪಯ್ಯ ಎನ್ನಲಿಲ್ಲ. ಸಿಟ್ಟಿನಿಂದ ಉಜ್ಜಿದಳು. ಒಳಗಿನಿಂದ ಅಣ್ಣನ ದನಿ “ಹಲೋ, ಅಮ್ಮಾ?” ಎಂದಿತು. “ಅಯ್ಯಯ್ಯೋ, ಎತ್ಕೊಂಡ್ಬುಟ್ಟೆ!” ಎಂದು ಪಕ್ಕದ ಮನೆಯ ಕೋಳಿ ಕದ್ದು ಸಿಕ್ಕಿಬಿದ್ದವಳಂತೆ ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಅಣ್ಣ ಹತ್ತು ನಿಮಿಷ ರಾಗಿಹಿಟ್ಟಿನ ಜೊತೆ ಮಾತಾಡಿದ.

ಮ್ಯಾಪಿನ ಸಂಗತಿ ತಿಳಿದ ಮೇಲಂತೂ ರಂಪವೇ ಆಯಿತು. “ನಾನೇನು ತಪ್ಪಿಸ್ಕೊಂಡಿರೋ ಹಸುವೇನ್ಲಾ, ಗಂಟೆ ಕಟ್ಟಕ್ಕೆ? ನಂಗೆ ಬಟನ್ ಸೆಟ್ಟೇ ಬೇಕು!”

ಕೊನೆಗೆ ನನ್ನ ಮಧ್ಯಸ್ಥಿಕೆಯಲ್ಲಿ ಒಂದು ಒಪ್ಪಂದವಾಯಿತು. ಅಣ್ಣ ಗಂಭೀರವಾಗಿ ಹೇಳಿದ: “ಸರಿ, ಬಟನ್ ಸೆಟ್ಟೇ ತಗೋ. ಕಟ್ ಬೇಕಾದ್ರೂ ಮಾಡ್ಕೋ. ಆದ್ರೆ ಯಾವತ್ತು ನಾನು ಫೋನ್ ಮಾಡಿದಾಗ ನಿನ್ ಕಡೆಯಿಂದ ಕಟ್ಟೂ ಬರಲ್ವೋ, ಅವತ್ತಿಂದ ಈ ಟಚ್ ಫೋನು. ಒಬ್ಬಳೇ ಬಸ್ಸು ಹತ್ತೋದೂ ಬಂದ್.” ದೊಡ್ಡಮ್ಮ ಎಲೆಅಡಿಕೆ ಉಗಿದು ಬಂದು “ಆಯ್ತು. ಮಾತು ಅಂದ್ರೆ ಮಾತು” ಎಂದಳು. ಟಚ್ ಫೋನು ಹಿಟ್ಟು ಕೊಡವಿಸಿಕೊಂಡು ಷೋಕೇಸ್ ಸೇರಿತು.

ಸಹಕಾರನಗರದ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಅಂಗಡಿಯವರು ಬಟನ್ ಸೆಟ್ಟುಗಳನ್ನು ಸಾಲಾಗಿಟ್ಟು ಟಾರ್ಚು, ರೇಡಿಯೋ, ಎರಡು ಸಿಮ್ಮು ಎಂದು ಹಾಡತೊಡಗಿದರು. ದೊಡ್ಡಮ್ಮ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಒಂದೊಂದು ಫೋನನ್ನೂ ಸೆರಗಿನೊಳಗೆ ಬಚ್ಚಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಕೆಂಪು ಬಟನ್ ಹುಡುಕಿ ಒತ್ತಿದಳು. ಒಂದು ಬಲು ಗಟ್ಟಿ, ಒಂದು ಬಲು ಸಡಿಲ. ಮದುವೆಗೆ ಹೆಣ್ಣು ನೋಡುವಾಗಲೂ ನಮ್ಮ ಮನೆಯಲ್ಲಿ ಇಷ್ಟು ಪರೀಕ್ಷೆ ನಡೆದಿರಲಿಲ್ಲ!

“ಅಮ್ಮಾ, ಹಸಿರು ಬಟನ್ ನೋಡಲ್ವಾ?” ಅಂಗಡಿಯವರು ಕೇಳಿದರು.

“ಅದ್ರಾಗೆ ನಂಗೇನು ಕೆಲ್ಸ ಕಣಪ್ಪಾ? ಮಿಸ್ ಕಾಲ್ ಕೊಡಕ್ಕೆ ಒಂದ್ಸಲ ಒತ್ತಿದ್ರೆ ಮುಗೀತು.”

“ರೀಚಾರ್ಜ್ ಹಾಕ್ಸಿದ್ರೆ ಎಷ್ಟು ಮಾತಾಡಿದ್ರೂ ಅದೇ ದುಡ್ಡಮ್ಮಾ. ಆರಾಮಾಗಿ ಮಾತಾಡಿ.”

“ಅಂಗಾದ್ರೆ ಒಂದು ಮಾತೂ ಆಡ್ದೆ ಇದ್ರೆ ವಾಪಸ್ ಕೊಡ್ತೀರಾ?”

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಎದುರಿನ ಎಳನೀರು ಗಾಡಿ ನೋಡಿದೆ.

ಹೊಸ ಸೆಟ್ಟಿನ ಸದ್ದೋ, ಅಬ್ಬಬ್ಬಾ! ಬಸ್ಸಿನಲ್ಲಿ ಅದು ಕೂಗಿದರೆ ಡ್ರೈವರ್ ಬ್ರೇಕ್ ಹಾಕುತ್ತಾನೆ ಎಂದು ದೊಡ್ಡಮ್ಮನೇ ಹೆಮ್ಮೆಯಿಂದ ಹೇಳಿಕೊಂಡಳು. ಅಣ್ಣ ಆಫೀಸಿನಿಂದ ದಿನಕ್ಕೊಮ್ಮೆ ಫೋನ್ ಮಾಡುವನು, ಒಂದು ರಿಂಗು ಮುಗಿಯುವ ಮೊದಲೇ ಕಟ್. ಅವನಿಗೂ ಅಭ್ಯಾಸವಾಗಿಬಿಟ್ಟಿತು. ಕಟ್ ಆಗುತ್ತಲೇ “ಅಮ್ಮ ಚೆನ್ನಾಗಿದ್ದಾಳೆ” ಎಂದು ಟೀ ಕುಡಿಯಲು ಏಳುತ್ತಿದ್ದನಂತೆ. ಪಕ್ಕದವರು ಇದೆಂಥ ತಾಯಿ, ಇದೆಂಥ ಮಗ ಎಂದುಕೊಂಡಿರಬೇಕು.

ಆಮೇಲೊಂದು ಶನಿವಾರ. ಯಲಹಂಕದ ಗೆಳತಿ ಕಾಲು ಮುರಿದುಕೊಂಡು ಮಲಗಿದ್ದಾಳೆಂದು ದೊಡ್ಡಮ್ಮ ಬೆಳಿಗ್ಗೆಯೇ ಸೊಪ್ಪಿನ ಸಾರು ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ಇಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಆಕೆ ಮದುವೆಯಾಗದೆ, ಶಾಲೆಯೊಂದರಲ್ಲಿ ಆಯಾ ಕೆಲಸ ಮಾಡಿ, ಈಗ ಹಳೇ ಯಲಹಂಕದ ವಠಾರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಾಳೆ. ರಜೆಯೆಂದು ಮನೆಯಲ್ಲಿದ್ದ ಅಣ್ಣ ಮಧ್ಯಾಹ್ನ ಫೋನ್ ಮಾಡಿದ. ಒಂದು ರಿಂಗಾಯಿತು. ಎರಡಾಯಿತು. ಕಟ್ ಆಗಲಿಲ್ಲ. ಪೂರ್ತಿ ಹೊಡೆದುಕೊಂಡು ತಾನಾಗಿಯೇ ನಿಂತಿತು.

ಅಣ್ಣ ಮಹಡಿಗೆ ಓಡಿ ಬಂದ. ಮತ್ತೆ ಮಾಡಿದ. ನಾನೂ ಮಾಡಿದೆ. ಸತ್ತವರು ಕಟ್ ಮಾಡುವುದಿಲ್ಲ ಎಂಬ ದೊಡ್ಡಮ್ಮನ ಮಾತು ಇಬ್ಬರಿಗೂ ನೆನಪಾಯಿತು. ಸ್ಕೂಟರ್ ಹತ್ತಿ ಬಳ್ಳಾರಿ ರಸ್ತೆಗೆ ಬಿದ್ದೆವು. ಹಿಂದೆ ಕೂತ ನಾನು ದಾರಿಯುದ್ದಕ್ಕೂ ಫೋನ್ ಮಾಡುತ್ತಲೇ ಇದ್ದೆ. ಜೀವಮಾನದಲ್ಲಿ ಮೊದಲ ಸಲ, ದೇವರೇ, ಯಾರಾದರೂ ನನ್ನ ಫೋನ್ ಕಟ್ ಮಾಡಲಿ ಎಂದು ಬೇಡಿಕೊಂಡೆ!

ವಠಾರದ ಬಾಗಿಲಿಗೇ ಆ ಸದ್ದು ಕೇಳಿಸಿತು. ಒಳಗೆ ಗೆಳತಿ ಕಾಲಿನ ಪ್ಲಾಸ್ಟರನ್ನು ದಿಂಬಿನ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಿದ್ದಳು. ಎರಡೂ ಅಂಗೈಯಲ್ಲಿ, ಪ್ರಸಾದ ಹಿಡಿದಂತೆ, ದೊಡ್ಡಮ್ಮನ ಬಟನ್ ಸೆಟ್ಟು ಕೂಗುತ್ತಿತ್ತು. ದೊಡ್ಡಮ್ಮ ಇರಲಿಲ್ಲ.

“ಅಮ್ಮ ಎಲ್ಲಿ?” ಅಣ್ಣ ಚಪ್ಪಲಿ ಬಿಡದೆಯೇ ಒಳಗೆ ನುಗ್ಗಿದ.

“ಆಗ್ಲೇ ಬಸ್ ಹತ್ತಿದ್ಲಲ್ಲಪ್ಪಾ! ಇದ್ನ ನಂಗೆ ಕೊಟ್ಬುಟ್ಟು ವೋದ್ಲು.”

“ಕೂಗ್ತಿದೆಯಲ್ಲ, ಕಟ್ ಮಾಡೋದಲ್ವೇನಮ್ಮಾ? ಹೇಳಿಕೊಡ್ಲಿಲ್ವಾ?”

“ಏಳ್ಕೊಟ್ಲು. ಕೆಂಪು ಬಟನ್ನು ಅಂತ.” ಆಕೆ ಸಂಕೋಚದಿಂದ ನಕ್ಕಳು. “ಆಗ್ಲಿಂದ ಯಾರೋ ಕೂಗ್ತಾವ್ರೆ, ಎಂಗಪ್ಪಾ ಕಟ್ ಮಾಡಾದು? ನಂಗೆ ಯಾರು ಫೋನ್ ಮಾಡ್ತಾರೆ? ಅದ್ಕೇ ಕೇಳ್ಕೊಂಡು ಕೂತಿದ್ದೆ.”

ಇನ್ನೂ ಹೋಗುತ್ತಿದ್ದ ನನ್ನ ಕರೆಯನ್ನು ನಿಲ್ಲಿಸಬೇಕೆಂದು ಕೈ ಎತ್ತಿದವನು ಹಾಗೇ ಬಿಟ್ಟೆ. ಆಕೆಯ ಅಂಗೈಯಲ್ಲಿ ಸೆಟ್ಟು ಪೂರ್ತಿ ಕೂಗಿ ಮುಗಿಯಿತು.

ಮನೆಗೆ ಬಂದರೆ ದೊಡ್ಡಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ! ಅಣ್ಣ ಅರ್ಧ ಅಳುತ್ತ ಅರ್ಧ ಕಿರುಚಿದ. ಅವಳು ಪೂರ್ತಿ ಕೇಳಿಸಿಕೊಂಡಳು.

“ಒಬ್ಳೇ ಮಲಗವ್ಳೆ ಕಣ್ಲಾ. ನನ್ ನಂಬರ್‍ಗಾದ್ರೆ ಇಡೀ ದಿನ ಫೋನ್ ಬತ್ತಾನೇ ಇರ್ತವೆ. ನೀನು, ಇವ್ನು, ಮೇಲ್ಮನೆ ಹುಡ್ಗ, ಆ ಮಧ್ಯಾಹ್ನದ ಪುಣ್ಯಾತ್ಗಿತ್ತಿ. ಯಾರೋ ಮನೇಗೆ ಬಂದಂಗಿರ್ತದೆ ಅಂತ ಕೊಟ್ಟೆ. ನಾನು ಕಟ್ ಮಾಡ್ದಿದ್ರೆ ಓಡ್ಬರಕ್ಕೆ ನೀವಿದೀರಿ. ಅವ್ಳಿಗೆ ಯಾರವ್ರೆ?” ಎಂದವಳು ಎದ್ದು ಷೋಕೇಸಿನ ಹತ್ತಿರ ಹೋದಳು. “ಮಾತು ಅಂದ್ರೆ ಮಾತು. ಕಟ್ ಬರ್ಲಿಲ್ಲ. ಕಟ್ಟು ನಿನ್ ಗಂಟೆ.” ಟಚ್ ಫೋನನ್ನು ಎಲೆಅಡಿಕೆ ಚೀಲಕ್ಕೆ ತುರುಕಲು ನೋಡಿದಳು. ಅದು ಅರ್ಧ ಹೊರಗೇ ಉಳಿಯಿತು.

ಅಣ್ಣ ಮತ್ತೆ ಸ್ಕೂಟರ್ ಹತ್ತಿ ಹೋದ. ಸಂಜೆ ಬಂದವನು ಅವರೆಕಾಯಿ ಮೊರದ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟ. ಅದೇ ಅಂಗಡಿ, ಅದೇ ಬಟನ್ ಸೆಟ್ಟು, ಹೊಸ ಸಿಮ್ಮು. ದೊಡ್ಡಮ್ಮ ಅದನ್ನು ಸೆರಗಿನೊಳಗೆ ಬಚ್ಚಿಟ್ಟು, ಕಣ್ಣು ಮುಚ್ಚಿ, ಕೆಂಪು ಬಟನ್ ಒತ್ತಿ ನೋಡಿ, “ಪರ್ವಾಗಿಲ್ಲ” ಎಂದಳು. ಹಳೆಯ ನಂಬರು ಯಲಹಂಕದಲ್ಲೇ ಉಳಿಯಿತು. ಮೇಲಿನ ಮನೆಯ ಹುಡುಗ ಒಂದು ವಾರ ನೀರಿಗಾಗಿ ಯಲಹಂಕಕ್ಕೆ ಮೊರೆಯಿಟ್ಟ.

ಮೊನ್ನೆ ಬೆಳಿಗ್ಗೆ ಕೆಳಗೆ ಹೋದಾಗ ದೊಡ್ಡಮ್ಮ ಗೆಳತಿಗೆ ಮಿಸ್ಡ್ ಕಾಲು ಕೊಡುತ್ತಿದ್ದಳು. ಒಂದು ರಿಂಗಾಯಿತು. ಈಗ ಕಟ್ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ಆ ಕಡೆ ಗೆಳತಿಯೂ ಎತ್ತಲಿಲ್ಲ. ಎತ್ತಿದರೆ ಸದ್ದು ನಿಂತುಹೋಗುತ್ತದಲ್ಲ!

“ಯಾಕ್ ದೊಡ್ಡಮ್ಮಾ, ಕಟ್ ಮಾಡಲ್ವಾ?”

“ಸುಮ್ಕಿರ್ಲಾ” ಎಂದಳು ದೊಡ್ಡಮ್ಮ, ಫೋನನ್ನು ಕಿವಿಯಿಂದ ತೆಗೆಯದೆ. “ಅವ್ಳು ಪೂರ್ತಿ ಕೇಳ್ಕೊಳ್ಳಲಿ.”