ಗಾಲಿ ತಿರುವುವ ಬೆರಳಿಗೊಂದು ಅರಿಕೆ

ಶ್ರೀ ಅನೀಲಕುಮಾರ ಸಾಹೇಬರಿಗೆ,
ತಾಂತ್ರಿಕ ಪರಿಶೀಲಕರು,
ನಾಲ್ಕು ತಾಲೂಕು ಸೈಕಲ್ ಶರ್ಯತ್ತು ಸಮಿತಿ, ಸಿಂದಗಿ.

ಮಾನ್ಯರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನ ಸೈಕಲ್ಲುಗಳ ಯೋಗ್ಯತೆಯನ್ನು ಬಲಗೈಯ ಒಂದೇ ಬೆರಳಿನಿಂದ ಅಳೆಯಬಲ್ಲ ತಮಗೆ, ಮೊದಲು ಆ ಬೆರಳಿಗೆ, ಆಮೇಲೆ ತಮಗೆ, ಕನ್ನೊಳ್ಳಿಯ ಬಾಳಮ್ಮ ಮಾಡುವ ನಮಸ್ಕಾರಗಳು. ಬೆರಳು ಕ್ಷೇಮವಾಗಿದೆಯೆಂದು ನಂಬಿದ್ದೇನೆ. ಅದಕ್ಕೇನಾದರೂ ಆದರೆ ನಾಲ್ಕು ತಾಲೂಕಿನಲ್ಲಿ ಯಾವ ಸೈಕಲ್ಲು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ಹೇಳುವವರೇ ಇಲ್ಲದೆ ಮಂದಿ ಸುಮ್ಮನೆ ಹತ್ತಿ ಓಡಿಸಿಬಿಟ್ಟಾರು ಎಂಬುದೇ ನನ್ನ ಚಿಂತೆ.

ಕಳೆದ ತಿಂಗಳು ತಮ್ಮ ಸಮಿತಿ ಸಿಂದಗಿಯಿಂದ ಆಲಮೇಲಕ್ಕೆ ಹೋಗಿ ತಿರುಗಿ ಬರುವ ಹುಡುಗಿಯರ ಶರ್ಯತ್ತು ಇಟ್ಟಿತ್ತಲ್ಲ, ಅದರಲ್ಲಿ ನನ್ನ ಅಕ್ಕನ ಮಗಳು ವಿಜಯಶ್ರೀ ಓಡಿದಳು. ಮೊದಲ ಮೂವರಿಗೆ ತರಬೇತಿ ಶಿಬಿರದಲ್ಲಿ ಜಾಗ ಎಂದು ತಮ್ಮದೇ ಕರಪತ್ರ ಸಾರಿತ್ತು. ವಯಸ್ಸಿನ ಮಿತಿ ಹದಿನೆಂಟು. ಮುಂದಿನ ಶರ್ಯತ್ತಿನ ಹೊತ್ತಿಗೆ ಆಕೆಗೆ ಹದಿನೆಂಟು ದಾಟಿರುತ್ತದೆ. ಹಾಗಾಗಿ ಇನ್ನೊಂದು ಸಲ ನೋಡೋಣ ಎಂಬ ಮಾತನ್ನು ದಯವಿಟ್ಟು ಈ ಪತ್ರದ ಉತ್ತರದಲ್ಲಿ ಬರೆಯಬೇಡಿ. ಆ ಮಾತನ್ನು ನಮ್ಮ ಮನೆಗಳು ಬಹಳ ಕಾಲದಿಂದ ಕೇಳುತ್ತ ಬಂದಿವೆ.

ಶರ್ಯತ್ತಿನ ಹಿಂದಿನ ದಿನ ತಾವು ಒಂದೊಂದೇ ಸೈಕಲ್ಲನ್ನು ಎತ್ತಿ, ಮುಂದಿನ ಗಾಲಿಗೆ ಬೆರಳಿನಿಂದ ಒಂದು ಏಟು ಕೊಟ್ಟು, ಮೊಬೈಲಿನಲ್ಲಿ ಸೆಕೆಂಡು ನೋಡುತ್ತ ನಿಂತದ್ದನ್ನು ನಾನೂ ನೋಡಿದೆ. ಗಾಳಿಯಲ್ಲಿ ಒಂದು ನಿಮಿಷ ತಿರುಗಿದ ಗಾಲಿ ಪಾಸು, ಅದಕ್ಕೂ ಮೊದಲು ನಿಂತದ್ದು ನಪಾಸು. ಎಂಥ ಸರಳ ನ್ಯಾಯ. ಇದನ್ನು ತಾವು ಒಬ್ಬರೇ ಕಂಡುಹಿಡಿದಿರಿ ಎಂದು ಹೊಗಳಿದರೆ ನಮ್ಮ ಮಂದಿಗೆ ಅನ್ಯಾಯವಾಗುತ್ತದೆ. ಈ ಸೀಮೆಯಲ್ಲಿ ಸಂತೆಗೆ ಬಂದ ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ಹಾಗೆ, ಸೈಕಲ್ ಅಂಗಡಿಗೆ ಬಂದವರೆಲ್ಲ ಗಾಲಿ ಎತ್ತಿ ತಿರುವಿ ನೋಡುತ್ತಾರೆ. ಕೊಳ್ಳುವವನೂ ತಿರುವುತ್ತಾನೆ, ಕೊಳ್ಳದವನೂ ತಿರುವುತ್ತಾನೆ, ಬಸ್ಸಿಗೆ ಕಾಯುತ್ತ ನೆರಳಿಗೆ ನಿಂತವನೂ ಒಂದು ಸಲ ತಿರುವಿ ಹೋಗುತ್ತಾನೆ. ವ್ಯತ್ಯಾಸ ಇಷ್ಟೇ: ಅವರ ಕೈಯಲ್ಲಿ ಪಾಸು, ನಪಾಸು ಬರೆಯುವ ಚೀಟಿ ಇರುವುದಿಲ್ಲ.

ವಿಜಯಶ್ರೀಯ ಗಾಲಿ ಹದಿನೆಂಟು ಸೆಕೆಂಡಿಗೆ ನಿಂತಿತು. "ಗಾಲಿ ಟೈಟ್ ಐತಿ. ಸಂಜಿ ಐದರೊಳಗ ಸರಿ ಮಾಡಿಸ್ಕೊಂಡ ಬಾ, ಇಲ್ಲಾಂದ್ರ ನಂಬರ್ ಕೊಡಂಗಿಲ್ಲ," ಎಂದಿರಿ. ಅದು ಯಾಕೆ ನಿಂತಿತು ಎಂದು ಕೇಳುವ ತೊಂದರೆಯನ್ನು ತಾವು ತೆಗೆದುಕೊಳ್ಳಲಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಬಸ್ ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಮಾಡುವ ದಸ್ತಗೀರಸಾಬ ವಾರದ ಹಿಂದಷ್ಟೇ ಆ ಗಾಲಿಯ ನಡುವಿನ ಹಬ್ಬಿಗೆ ಹೊಸ ಬೇರಿಂಗ್ ಕೂರಿಸಿದ್ದ. ಬೇರಿಂಗಿನ ಒಳಗೆ ಗುಂಡುಗಳು, ಗುಂಡುಗಳ ಸುತ್ತ ಗಟ್ಟಿ ಗ್ರೀಸು, ಅದರ ಬಾಯಿಗೆ ಮುಚ್ಚಳದ ಹಾಗೆ ತೆಳ್ಳನೆಯ ರಬ್ಬರ್ ಸೀಲು. ಹೊಸ ಸೀಲಿನ ಅಂಚು ಒಳಗಿನ ಕಬ್ಬಿಣಕ್ಕೆ ಒರಸಿಕೊಂಡೇ ಇರುತ್ತದೆ. ಒರಸಿಕೊಂಡಿದ್ದರೇ ಧೂಳು, ನೀರು ಒಳಗೆ ಹೋಗುವುದಿಲ್ಲ. ಆ ಒರಸಾಟ ಬರಿಯ ಗಾಲಿಯನ್ನು ಬೇಗ ನಿಲ್ಲಿಸುತ್ತದೆ, ಸುಳ್ಳಲ್ಲ. ಆದರೆ ಮೇಲೆ ಹುಡುಗಿ ಕೂತು, ಕೆಳಗೆ ಡಾಂಬರು ಬಂದು, ಎದುರಿಗೆ ಗಾಳಿ ಬೀಸಿದ ಮೇಲೆ ಅದರ ಲೆಕ್ಕ ಎಷ್ಟು? ದಸ್ತಗೀರಸಾಬ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: "ಬಾಳಕ್ಕಾ, ನೀ ಸೈಕಲ್ ಮ್ಯಾಲ ಕುಂತಾಗ ನಿನ್ನ ಸೆರಗ ಗಾಳಿ ಹಿಡಿತೈತೆಲಾ, ಅದರಾಗ ಒಂದ ಎಳಿಯಷ್ಟೂ ಇಲ್ಲ ಇದು. ಗಾಳ್ಯಾಗ ತಿರುಗೋ ಗಾಲಿ ಮ್ಯಾಲ ಯಾರ ಕುಂತಿರ್ತಾರ? ಸಾಹೇಬರು ಕುಂತಿರ್ತಾರೇನು?"

ತಾವು ಕುಳಿತಿರಲಿಲ್ಲ, ಬಿಡಿ. ತಾವು ನಿಂತಿದ್ದಿರಿ, ನೆರಳಿನಲ್ಲಿ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುವುದು ಮರ್ಯಾದೆ. ಸೀಲು ತೆಗೆಯಲು ದಸ್ತಗೀರಸಾಬ ಒಪ್ಪಲಿಲ್ಲ. ಆಲಮೇಲದ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ಓಡಾಡಿ ಎರೆಮಣ್ಣು ಹಿಟ್ಟಾಗಿದೆ, ಬಾಯಿ ತೆರೆದ ಬೇರಿಂಗು ಅದನ್ನೆಲ್ಲ ತಿನ್ನುತ್ತದೆ ಎಂದು ಕೈ ಕಟ್ಟಿ ಕೂತುಬಿಟ್ಟ. ತಹಶೀಲ್ದಾರರ ಕಚೇರಿ ಮುಂದೆ ಮೂರು ದಿನ ಬಿಸಿಲಿಗೆ ಧರಣಿ ಕೂತರೂ ಏಳದಿದ್ದ ನಾನು, ತಮ್ಮ ಬೆರಳಿಗೆ ಹೆದರಿ ಅವನನ್ನು ಬೈದೆ. "ತಗಿಯೋ ಮಾರಾಯಾ, ನಿನ್ನ ರಬ್ಬರ್ ಉಂಗುರಕ್ಕಿಂತ ಅವರ ಚೀಟಿ ದೊಡ್ಡದೈತಿ," ಎಂದೆ. ಅವನು ಸೂಜಿಯ ಮೊನೆಯಿಂದ ಎರಡೂ ಕಡೆಯ ಸೀಲು ಎಬ್ಬಿಸಿ, ಗ್ರೀಸನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಹೊಲಿಗೆ ಮಶೀನಿನ ಎಣ್ಣೆ ನಾಲ್ಕು ಹನಿ ಬಿಟ್ಟ. ತೆಗೆದ ಸೀಲುಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟು, "ಜ್ವಾಕಿ ಇಟಗೋ, ಬೇಕಾಗ್ತಾವ," ಎಂದ. ಐದಕ್ಕೆ ಹತ್ತು ನಿಮಿಷ ಇರುವಾಗ ತಾವು ಮತ್ತೆ ತಿರುವಿದಿರಿ. ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು. "ಈಗ ನೋಡ್ರಿ, ಬೆಣ್ಣಿ ಆಗೈತಿ," ಎಂದು ತಾವು ಹಿಗ್ಗಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಬೆಣ್ಣೆ ಓಡಿತು. ಆಲಮೇಲ ಮುಟ್ಟುವಾಗ ವಿಜಯಶ್ರೀ ಎಲ್ಲರಿಗಿಂತ ಮುಂದಿದ್ದಳು, ತಿರುಗಿ ಹೊರಟಾಗ ಅವಳ ಹಿಂದೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಆಲಮೇಲದ ಹೊರಗೆ ರಸ್ತೆ ಅಗೆದ ಕಡೆ ತಮ್ಮ ಸಮಿತಿಯ ನೀರಿನ ಟ್ಯಾಂಕರು ಬಂದು ನಿಂತಿತ್ತು. ಇಂಡಿ ಕಡೆಯಿಂದ ಬಹುಮಾನ ಕೊಡಲು ಬರುವ ಮುಖ್ಯ ಅತಿಥಿಗಳ ಬಿಳಿ ಕಾರಿಗೆ ಧೂಳು ಹತ್ತಬಾರದೆಂದು ಅದು ಆಗಷ್ಟೇ ಅಲ್ಲಿ ನೀರು ಸುರಿದಿತ್ತು. ಎರೆಮಣ್ಣಿಗೆ ನೀರು ಬಿದ್ದರೆ ಏನಾಗುತ್ತದೆ ಎಂಬುದನ್ನು ನಾಲ್ಕು ತಾಲೂಕಿನ ಯಾವ ಕೂಸನ್ನು ಕೇಳಿದರೂ ಹೇಳುತ್ತಿತ್ತು. ಮೊದಲು ಬಂದವಳು ನಮ್ಮ ಹುಡುಗಿ, ಆದ್ದರಿಂದ ಮೊದಲು ಕೆಸರಿಗೆ ಇಳಿದವಳೂ ಅವಳೇ. ಹಿಂದೆ ಬಂದವರನ್ನು ಊರಿನವರು ಕೂಗಿ ಒಣಗಿದ ಅಂಚಿಗೆ ಹತ್ತಿಸಿದರು, ಅವರಿಗೆ ಪುಣ್ಯ ಬರಲಿ. ಗೆದ್ದ ಮೂವರೂ ನಮ್ಮಂಥವರ ಮನೆಯ ಮಕ್ಕಳೇ, ಅವರ ಮೇಲೆ ನನ್ನ ತಕರಾರಿಲ್ಲ.

ಸಿಂದಗಿ ಇನ್ನೂ ಮೂರು ಕಿಲೋಮೀಟರು ಇರುವಾಗ ಗಾಲಿ ಕರಕರ ಎಂದು, ಒಮ್ಮೆ ಎಳೆದು, ನಿಂತುಬಿಟ್ಟಿತು. ಆಕೆ ಸೈಕಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದಳು. ಒಬ್ಬೊಬ್ಬರೇ ಅವಳನ್ನು ದಾಟಿ ಹೋದರು. ಐದನೆಯವಳಾಗಿ ಗೆರೆ ಮುಟ್ಟಿದಾಗ ತಾವು ಎದುರಿಗೆ ಬಂದಿರಿ. ನೀರು ಕೊಡಲು ಬಂದಿರಬೇಕೆಂದುಕೊಂಡೆ. ತಾವು ಆಕೆಯ ಹೆಗಲ ಮೇಲಿದ್ದ ಸೈಕಲ್ಲಿನ ಗಾಲಿಗೆ ಬೆರಳಿನಿಂದ ಒಂದು ಏಟು ಕೊಟ್ಟಿರಿ. ಅದು ಅಲುಗಲಿಲ್ಲ. ಸುತ್ತ ನಿಂತವರ ಕಡೆ ತಿರುಗಿ, "ನೋಡ್ರಿ, ನಾ ಮೊದಲ ಹೇಳಿದ್ದೆ, ಗಾಲಿ ಟೈಟ್ ಐತಿ ಅಂತ," ಎಂದಿರಿ.

ಸಾಹೇಬರೇ, ಆ ಮಾತಿಗೆ ಉತ್ತರ ಬಾಕಿ ಇದೆ. ಈಗ ಕೊಡುತ್ತಿದ್ದೇನೆ.

ತಮ್ಮ ಜ್ಞಾನಕ್ಕೆ ತಕ್ಕ ಶರ್ಯತ್ತು ಈ ನೆಲದ ಮೇಲೆ ಆಗುವುದಲ್ಲ. ಬರುವ ವರ್ಷದಿಂದ ರಸ್ತೆಯನ್ನೇ ಕೈಬಿಡಿ. ಸೈಕಲ್ಲುಗಳನ್ನು ಸಾಲಾಗಿ ಬುಡಮೇಲು ಮಾಡಿ ನಿಲ್ಲಿಸಿ, ಹುಡುಗಿಯರು ಕೈ ಕಟ್ಟಿಕೊಂಡು ಪಕ್ಕಕ್ಕೆ ನಿಲ್ಲಲಿ, ತಾವು ಬೆರಳು ಆಡಿಸುತ್ತ ಹೋಗಿ. ಯಾವ ಗಾಲಿ ಕೊನೆಯವರೆಗೆ ತಿರುಗುತ್ತದೋ ಅದಕ್ಕೇ ಹಾರ ಹಾಕಿ, ಅದನ್ನೇ ಶಿಬಿರಕ್ಕೆ ಕಳಿಸಿ. ಬೆವರಿಲ್ಲ, ಧೂಳಿಲ್ಲ, ಹುಡುಗಿಯರ ಕಾಟವೂ ಇಲ್ಲ. ಇನ್ನೊಂದು ಬಿನ್ನಹ. ತಾವು ಬರುವ ಕಾರಿನ ಬಾಗಿಲ ಸುತ್ತಲೂ ಒಂದು ರಬ್ಬರ್ ಪಟ್ಟಿ ಇದೆ. ಅದರಿಂದ ಬಾಗಿಲು ಹಾಕುವಾಗ ತುಸು ಬಿಗಿಯಾಗುತ್ತದೆ, ತಮ್ಮ ಬೆರಳಿಗೆ ಎಷ್ಟು ನೋವೋ. ಕಿತ್ತು ಹಾಕಿಸಿ. ಬಾಗಿಲು ಬೆಣ್ಣೆಯಾಗುತ್ತದೆ. ಆಮೇಲೆ ಕಬ್ಬಿನ ಹಂಗಾಮಿನಲ್ಲಿ ಒಂದು ಸಲ ಲಚ್ಯಾಣದ ಕಡೆಯಿಂದ ಆಲಮೇಲದವರೆಗೆ ಬಂದು, ಬಾಯಿ ತೆರೆದು ನಾಲ್ಕು ಮಾತಾಡಿ. ಹಲ್ಲಿನ ನಡುವೆ ಕರಕರ ಎನ್ನುವುದೇ ನಮ್ಮ ದೇಶ.

ಧೂಳಿನಲ್ಲಿ ಹುಟ್ಟಿ ಧೂಳಿನಲ್ಲಿ ದುಡಿಯುವವರು ಅಡ್ಡ ಕಟ್ಟಿಕೊಂಡ ಒಂದು ತೆಳ್ಳನೆಯ ರಬ್ಬರೂ, ಧೂಳು ಕಾಣದವರ ಕಣ್ಣಿಗೆ ಸೋಮಾರಿತನವಾಗಿಯೇ ಕಾಣುತ್ತದೆ. ನಾವು ನಿಧಾನ, ನಾವು ಟೈಟು, ನಮ್ಮಲ್ಲಿ ಹುರುಪಿಲ್ಲ. ಕಾಪಾಡುವುದನ್ನೆಲ್ಲ ಕಿತ್ತುಹಾಕಿ ಬರಿಗೈಯಲ್ಲಿ ಬಂದರೆ ಆಗ ಭೇಷ್ ಎನ್ನುತ್ತೀರಿ, ಅರ್ಧ ದಾರಿಯಲ್ಲಿ ನಿಂತರೆ ಮೊದಲೇ ಹೇಳಿದ್ದೆ ಎನ್ನುತ್ತೀರಿ.

ನನ್ನ ಬೇಡಿಕೆ ಒಂದೇ. ಶಿಬಿರ ಸುರುವಾಗಲು ಇನ್ನೂ ಹನ್ನೆರಡು ದಿನಗಳಿವೆ. ಅದೇ ರಸ್ತೆಯಲ್ಲಿ ವಿಜಯಶ್ರೀಯನ್ನು ಇನ್ನೊಮ್ಮೆ ಓಡಿಸಿ, ಸೀಲು ಇರುವ ಗಾಲಿಯ ಮೇಲೆ. ಗೆದ್ದವರಲ್ಲಿ ಮೂರನೆಯವಳ ವೇಳೆಗಿಂತ ಒಂದು ಸೆಕೆಂಡು ತಡವಾದರೂ ನಾನು ತಮ್ಮ ಬೆರಳಿಗೆ ಉಂಗುರ ತೊಡಿಸಿ ಕ್ಷಮೆ ಕೇಳುತ್ತೇನೆ. ದಸ್ತಗೀರಸಾಬ ಹಬ್ಬಿನಿಂದ ತೆಗೆದ ಮಣ್ಣನ್ನು, ಅದರೊಳಗೆ ಸೀಳಿದ ಒಂದು ಗುಂಡಿನ ಸಮೇತ, ಪೊಟ್ಟಣ ಕಟ್ಟಿ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಅದೇ ಬೆರಳಿನಿಂದ ಉಜ್ಜಿ ನೋಡಬೇಕಾಗಿ ಪ್ರಾರ್ಥನೆ.

ಬೆರಳನ್ನು ನಂಬಿ ಒಮ್ಮೆ ಕೆಟ್ಟು, ಇನ್ನು ರಸ್ತೆಯನ್ನಷ್ಟೇ ನಂಬುವ,
ತಮ್ಮ ವಿಶ್ವಾಸಿ,
ಬಾಳಮ್ಮ, ಕನ್ನೊಳ್ಳಿ

ತಾ.ಕ.: ಬರುವ ಭಾನುವಾರ ತಮ್ಮ ಸಮಿತಿ ಸಿಂದಗಿಯಲ್ಲಿ ತಮಗೆ ಸನ್ಮಾನ ಇಟ್ಟುಕೊಂಡಿದೆ ಎಂದು ತಿಳಿಯಿತು. ಅಲ್ಲಿಯವರೆಗೆ ಉತ್ತರ ಬಾರದಿದ್ದರೆ ಕನ್ನೊಳ್ಳಿ, ಆಲಮೇಲ, ಲಚ್ಯಾಣದ ಹೆಣ್ಣುಮಕ್ಕಳು ತಮ್ಮ ತಮ್ಮ ಸೈಕಲ್ಲು ತಳ್ಳಿಕೊಂಡು ಪರಿಶೀಲನೆಗೆ ಬರುತ್ತಾರೆ. ಘೋಷಣೆ ಕೂಗುವುದಿಲ್ಲ, ರಸ್ತೆ ತಡೆಯುವುದಿಲ್ಲ, ಸಾಲಾಗಿ ನಿಲ್ಲುತ್ತೇವೆ. ಇಲ್ಲಿಯವರೆಗೆ ನೂರಾ ನಲವತ್ತು ಹೆಸರು ಬಂದಿವೆ. ಒಂದೊಂದಕ್ಕೆ ಒಂದು ನಿಮಿಷ, ನಿಯಮ ತಮ್ಮದೇ. ಸಾಲಿನ ಕೊನೆಗೆ ವಿಜಯಶ್ರೀ ಇರುತ್ತಾಳೆ. ಪೇಪರಿನಲ್ಲಿ ಸುತ್ತಿಟ್ಟಿದ್ದ ಸೀಲುಗಳು ಕೆಟ್ಟದ್ದರ ಬದಲು ಹಾಕಿದ ಹೊಸ ಬೇರಿಂಗಿನ ಬಾಯಿಗೆ ಮತ್ತೆ ಕೂತಿವೆ, ಗಾಲಿ ಹದಿನೆಂಟು ಸೆಕೆಂಡಿಗೆ ನಿಲ್ಲುತ್ತದೆ. ಆಗ ನಪಾಸು ಎಂದು ಬರೆಯಲು ತಮ್ಮ ಬೆರಳಿನಲ್ಲಿ ತ್ರಾಣ ಉಳಿದಿರಲಿ.