ಯಾರ ಕೇಕ್ ಯಾರಿಗೆ

ಬೇಕರಿಯವನ ಅಕ್ಕನಿಗೆ ಧೂಳು ಕಂಡರಾಗದು. ಅವನು ಪೇಚಿಗೆ ಸಿಕ್ಕಿಕೊಂಡದ್ದು ಅದರಿಂದಲೇ.

ಕ್ರಿಸ್ಮಸ್ ಬೆಳಿಗ್ಗೆ ಬೀದಿಯ ಹೆಂಗಸರು ಮನೆಯಲ್ಲಿ ಕಲಸಿದ ಕೇಕಿನ ಹಿಟ್ಟು ತಂದುಕೊಡುತ್ತಿದ್ದರು. ಅವರು ಚರ್ಚಿಗೆ ಹೋಗಿ ಬರುವಷ್ಟರಲ್ಲಿ ಬೇಕರಿಯವನು ತನ್ನ ದೊಡ್ಡ ಒಲೆಯಲ್ಲಿ ಬೇಯಿಸಿಡಬೇಕು. ಟಿನ್ನುಗಳೆಲ್ಲ ಬೇಕರಿಯವೇ, ಒಂದೇ ಅಚ್ಚಿನವು. ಹೆಸರು ಬರೆದ ಚೀಟಿಗಳನ್ನು ಒಲೆಯೊಳಗೆ ಇಡಲಾದೀತೆ? ಈ ಸಲವೂ ಟಿನ್ನುಗಳನ್ನು ಒಳಗೆ ತಳ್ಳಿದ ಸಾಲಿನಲ್ಲೇ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿ ಅವನು ಮುಖ ತೊಳೆಯಲು ಹೋದ. ಬರುವಷ್ಟರಲ್ಲಿ ಮೇಜು ಫಳಫಳ ಹೊಳೆಯುತ್ತಿತ್ತು.

"ಅಕ್ಕಾ, ಇಲ್ಲಿದ್ದ ಚೀಟಿಗಳೆಲ್ಲಿ?"

"ಆ ಕಸಾನಾ? ಒಲೆ ಬೆಂಕಿಗೆ ಹಾಕ್ದೆ. ಹಬ್ಬದ ದಿನಾನಾದ್ರೂ ಜಾಗ ಚೊಕ್ಕವಾಗಿರ್ಲಿ. ಬಟ್ಟೆ ಬದಲಾಯ್ಸು, ಚರ್ಚಿಗೆ ಹೊತ್ತಾಯ್ತು."

"ನಾನು ಬರಲ್ಲ."

ಹೆಂಡತಿ ತೀರಿಕೊಂಡ ಮೇಲೆ ಅವನು ದೇವರ ಜೊತೆ ಮಾತು ಬಿಟ್ಟಿದ್ದ. ಅಕ್ಕ ಗೊಣಗುತ್ತ ಹೊರಟಳು.

ಕೇಕುಗಳು ಬೆಂದು ಹೊರಬಂದವು. ಎಲ್ಲವೂ ಅವಳಿಜವಳಿ ಮಕ್ಕಳ ಹಾಗಿದ್ದವು. ಹೆಂಡತಿ ಕಲಸುತ್ತಿದ್ದ ಹಾಗೆಯೇ ಕಿತ್ತಳೆ ಸಿಪ್ಪೆ ಹಾಕಿ ಅವನು ಕಲಸಿದ್ದ ಸ್ವಂತ ಕೇಕೂ ಅವುಗಳಲ್ಲೇ ಎಲ್ಲೋ ಇತ್ತು. ಅದಲುಬದಲಾದ ಸುದ್ದಿ ಹೊರಬಿದ್ದರೆ ನಾಳೆಯಿಂದ ಅವನ ಅಂಗಡಿಯ ಬ್ರೆಡ್ಡನ್ನು ನೊಣವೂ ಮೂಸುವುದಿಲ್ಲ. ಆಗಲೇ ಬಾಗಿಲಲ್ಲಿ ಚಪ್ಪಲಿ ಸದ್ದು. ಬೇಕರಿಯವನು ಕಣ್ಣು ಮುಚ್ಚಿದ.

"ದೇವರೇ, ಇಷ್ಟು ದಿನ ಮಾತಾಡಿಸ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಇದೊಂದು ಸಲ ಮಾನ ಉಳಿಸು."

ಮೊದಲು ದರ್ಜಿಯ ಹೆಂಡತಿ ಬಂದಳು. ಅವನು ಕೈಗೆ ಸಿಕ್ಕಿದ್ದನ್ನು ಎತ್ತಿಕೊಟ್ಟ. ಅವಳು ಮೂಸಿ ನೋಡಿ ಹುಬ್ಬೇರಿಸಿದಳು.

"ಇದು ನಂದೇ ಬಿಡಣ್ಣ. ನನ್ನ ಕೈ ಪರಿಮಳ ನನಗೆ ಗೊತ್ತಾಗಲ್ವಾ?"

ಹಿಂದೆಯೇ ಟೀಚರಮ್ಮ ಬಂದರು. ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ಅವರ ಕೇಕಿಗೆ ಅಂಜಿ ಹಬ್ಬದ ದಿನ ನೆಂಟರು ಅವರ ಮನೆಯ ಹಾದಿಯನ್ನೇ ತಪ್ಪಿಸುತ್ತಿದ್ದರು. ಅವರೂ ಒಂದನ್ನು ಅಪ್ಪಿಕೊಂಡು ಹೋದರು. ಮಿಕ್ಕವರೂ ಒಂದೊಂದು ಒಯ್ದ ಮೇಲೆ ಕೊನೆಗೆ ಉಳಿದದ್ದು ಬೇಕರಿಯವನ ಪಾಲಿಗೆ ಬಂತು.

ಮಧ್ಯಾಹ್ನ ಅಕ್ಕ ಚಾಕು ಊರಿದಳು. ಚಾಕು ಬಾಗಿತು, ಕೇಕ್ ಜಗ್ಗಲಿಲ್ಲ.

"ಇದೇನೋ, ಸಿಮೆಂಟ್ ಕಲಸಿದ್ದೀಯಾ?"

ಇದು ಯಾರದೆಂದು ಅವನಿಗೆ ತಕ್ಷಣ ಗೊತ್ತಾಯಿತು. ಆದರೂ ಖುಷಿಯೇ ಆಯಿತು, ಯಾಕೆಂದರೆ ಬೀದಿಯಿಂದ ಒಂದೂ ದೂರು ಬರಲಿಲ್ಲ. ಬದಲಿಗೆ ದರ್ಜಿಯೇ ಓಡಿಬಂದು, "ಮದುವೆಯಾದ ಮೇಲೆ ಮೊದಲ್ನೇ ಸಲ ನನ್ನಾಕೆಯ ಕೇಕನ್ನ ಕೇಳಿ ಹಾಕಿಸ್ಕೊಂಡೆ ಮಾರಾಯ!" ಎಂದು ಕೈ ಕುಲುಕಿದ. ಅತ್ತೆ ಸೊಸೆಯನ್ನು ಹೊಗಳುವುದು ಪಕ್ಕದ ಮನೆಯ ಕಿಟಕಿಯಿಂದ ಕೇಳಿತು. ಇದಕ್ಕಿಂತ ದೊಡ್ಡ ಪವಾಡ ಬೇಕೆ?

ಸಂಜೆಯ ಪ್ರಾರ್ಥನೆಗೆ ಬೇಕರಿಯವನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರ ಜೊತೆ ದನಿಯೆತ್ತಿ ಹಾಡಿದಾಗ ಅವನ ಕಣ್ಣು ತುಂಬಿತು. ದೇವರು ಇದ್ದಾನೆ, ತನ್ನಂಥವನ ಮಾತೂ ಅವನಿಗೆ ಕೇಳಿಸುತ್ತದೆ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು.

ಹೊರಗೆ ಟೀಚರಮ್ಮ ಡಬ್ಬಿ ಹಿಡಿದು ಕಾಯುತ್ತಿದ್ದರು.

"ತಗೊಳ್ಳಪ್ಪ, ನನ್ನ ಕೇಕ್ ತಿಂದು ನೋಡು. ನೆಂಟರೆಲ್ಲ ತಟ್ಟೆ ನೆಕ್ಕಿದ್ರು! ದೇವರು ಈ ವಯಸ್ಸಲ್ಲಿ ನನ್ನ ಕೈಗೆ ರುಚಿ ಕೊಟ್ಟ. ಅದನ್ನ ಮನೇಲೇ ಬಚ್ಚಿಟ್ರೆ ಪಾಪ ಅಲ್ವಾ?"

ಒಂದು ತುಂಡು ಬಾಯಿಗಿಟ್ಟದ್ದೇ ಬೇಕರಿಯವನು ನಿಂತಲ್ಲೇ ನಿಂತ. ಕಿತ್ತಳೆ ಸಿಪ್ಪೆ. ಹೆಂಡತಿ ಎದುರಿಗೇ ನಿಂತು ಉಪಚರಿಸಿದ ಹಾಗಾಯಿತು.

"ಅದಕ್ಕೇ ನಿನ್ನ ಅಂಗಡಿ ಎದುರಿಗೆ ಖಾಲಿ ಇದೆಯಲ್ಲ, ಆ ಮಳಿಗೆ ಹಿಡಿದಿದೀನಿ," ಎಂದರು ಟೀಚರಮ್ಮ. "ಹೊಸ ವರ್ಷಕ್ಕೆ ನನ್ನ ಕೇಕ್ ಅಂಗಡಿ ಶುರು. ನಿನ್ನ ಒಲೆಯಲ್ಲಿ ಬೆಂದ ಕೇಕಪ್ಪಾ, ರಿಬ್ಬನ್ ನೀನೇ ಕತ್ತರಿಸ್ಬೇಕು."

ಬೇಕರಿಯವನು ಬಾಯಿ ತೆರೆದ. ನಿಜ ಹೇಳಿದರೆ ಇದ್ದ ಅಂಗಡಿಗೂ ಕುತ್ತು, ಬೀದಿಯ ಹಬ್ಬಕ್ಕೂ ಕುತ್ತು.

"ಆಗ್ಲಿ ಟೀಚರಮ್ಮ," ಎಂದ. "ಇನ್ನೊಂದು ತುಂಡು ಕೊಡಿ."