ಮಾವನವರ ನೀಲಿ ತೋಳು

ಬಣ್ಣದ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲ ಎಂದು ಹೋದ ತಿಂಗಳವರೆಗೂ ನಂಬಿದ್ದೆ. ನಂಬಲು ಕಾರಣವೂ ಇತ್ತು. ಟೊಮೇಟೊ ಸಾಸ್ ಕಾರ್ಖಾನೆಯಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಎಂದು ಕ್ಯಾಮೆರಾಕ್ಕೆ ಕಲಿಸುವುದೇ ನನ್ನ ಹೊಟ್ಟೆಪಾಡು. ದಿನಕ್ಕೆ ಲಕ್ಷ ಟೊಮೇಟೊಗಳ ಹಣೆಬರಹ ಬರೆಯುವ ಬ್ರಹ್ಮ ನಾನು! ಅಂಥವನ ಮುಂದೆ ಹೆಂಡತಿ ಯಃಕಶ್ಚಿತ್ ಒಂದು ಸ್ವೆಟರಿನ ಸಮಸ್ಯೆ ತಂದಿಟ್ಟಳು.

ಭಾನುವಾರ ಮಾವನವರ ನಿವೃತ್ತಿಯ ಸಮಾರಂಭ. ಮೂವತ್ತೈದು ವರ್ಷ ಶಾಲೆಯ ಮಕ್ಕಳಿಗೆ ಎಡ-ಬಲ ಹಾಕಿಸಿದ ಡ್ರಿಲ್ ಮೇಷ್ಟ್ರು ಅವರು. ಅಂದು ಹಾಕಿಕೊಳ್ಳಲೆಂದು ಅವರ ಮಗಳು, ಅಂದರೆ ನನ್ನ ಹೆಂಡತಿ, ಕೆಂಪು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದಳು. ಮೈ ಮುಗಿಯಿತು, ಎಡಗಡೆಯ ತೋಳು ಮುಗಿಯಿತು, ಅಷ್ಟರಲ್ಲಿ ಉಣ್ಣೆಯೂ ಮುಗಿಯಿತು. ಅಂಗಡಿಯಲ್ಲಿ ಆ ಕೆಂಪು ಇಲ್ಲ. ಹೇಳಿದ ಬಣ್ಣವನ್ನು ಉಣ್ಣೆಗೆ ಹಾಕಿಕೊಡುವ ಮುದುಕರೊಬ್ಬರಿದ್ದಾರೆ. ಊರಿಗೆಲ್ಲ ಅವರು ಬಣ್ಣದಜ್ಜ.

“ಒಂದು ಗೇಣು ನೂಲು ಅಜ್ಜನ ಕೈಗೆ ಕೊಟ್ಟು ಬನ್ನಿ, ಸಾಕು,” ಎಂದಳು.

“ನೂಲಿನ ತುಂಡಾ? ನನ್ನಂಥ ಗಂಡನ್ನ ಮನೇಲಿಟ್ಕೊಂಡು ನೂಲಿನ ತುಂಡು ಹೊತ್ಕೊಂಡು ತಿರುಗ್ತೀಯಾ?”

“ತಿರುಗೋದು ನೀವು. ನಾನಲ್ಲ.”

ನಾನು ಸ್ವೆಟರನ್ನು ಕಿಟಕಿಯ ಬಳಿ ಹರಡಿ ಫೋಟೊ ಹೊಡೆದೆ. ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಬಣ್ಣ ಹೇಳುವುದು ಟಿವಿಯ ಪದ್ಧತಿ. ನಾವು ಕಾರ್ಖಾನೆಯವರು ಬಣ್ಣಗಳನ್ನು ಗಡಿಯಾರದಂತೆ ದುಂಡಗೆ ಜೋಡಿಸುತ್ತೇವೆ. ಹನ್ನೆರಡು ಗಂಟೆಗೆ ಕೆಂಪು, ನಾಲ್ಕಕ್ಕೆ ಹಸಿರು, ಎಂಟಕ್ಕೆ ನೀಲಿ. ಒಂದೇ ಮುಳ್ಳಿನಲ್ಲಿ ಜಗತ್ತಿನ ಬಣ್ಣವೆಲ್ಲ! ಕಿಟಕಿಯ ಬೆಳಕು ಬಿದ್ದಲ್ಲಿ ಉಣ್ಣೆ ಕೊಂಚ ಗುಲಾಬಿಗೆ ವಾಲಿ ಹನ್ನೊಂದು ಗಂಟೆ ತೋರಿಸಿತು. ಬಲ್ಬಿನ ಬೆಳಕು ಬಿದ್ದಲ್ಲಿ ಕಿತ್ತಳೆಗೆ ವಾಲಿ ಒಂದು ಗಂಟೆ. ಅದಕ್ಕೇನು, ಸರಾಸರಿ ತೆಗೆದರಾಯಿತು! ಕಂಪ್ಯೂಟರ್ ಲೆಕ್ಕ ಮಾಡಿತು, ಬಣ್ಣ ಅಜ್ಜನ ಫೋನಿಗೆ ಹಾರಿತು. ಹಾರಿದ್ದು ಯಾವ ಬಣ್ಣವೆಂದು ನಾನು ಕಣ್ಣೆತ್ತಿಯೂ ನೋಡಲಿಲ್ಲ. ಬ್ರಹ್ಮ ಬರೆದದ್ದನ್ನು ಮತ್ತೆ ಓದಿ ನೋಡುತ್ತಾನೆಯೇ?

ಸಂಜೆ ಅಜ್ಜನ ಕರೆ ಬಂತು.

“ಕೆಂಪು ಅಂದಿದ್ರಲ್ಲಪ್ಪಾ, ಇದು ನೀಲಿ ಕಾಣ್ತಿದೆ.”

“ಅಜ್ಜಾ, ನಿಮ್ಮ ಫೋನು ಹಳೇದು. ಪರದೆ ಕೆಟ್ಟಿರ್ಬೇಕು.”

“ಮೊಮ್ಮಗಳ ಫೋನಲ್ಲೂ ನೀಲೀನೇ.”

“ಅದೂ ಕೆಟ್ಟಿರ್ಬೇಕು. ನಾನು ದಿನಾ ಮಾಡೋ ಕೆಲ್ಸ ಇದು, ಸುಮ್ನೆ ಹಾಕಿ.”

“ಆಯ್ತಪ್ಪ, ನಿಮ್ಮಿಷ್ಟ. ಹತ್ತಿದ ಬಣ್ಣ ಬಿಡಲ್ಲ, ಆಮೇಲೆ ನನ್ನ ಬೈಬೇಡಿ.”

ಶುಕ್ರವಾರ ಉಣ್ಣೆಯ ಪೊಟ್ಟಣ ಬಂತು. ಹೆಂಡತಿ ಬಿಚ್ಚಿದಳು. ಒಳಗೆ ನವಿಲಿನ ಕತ್ತಿನಂಥ ಹಸಿರುನೀಲಿ, ಕೋಣೆಯೇ ಬೆಳಗುವಷ್ಟು!

“ಏನ್ರೀ ಇದು?”

“ಕೆಂಪು,” ಎಂದೆ. ಬಾಯಿಗೆ ಅದೇ ರೂಢಿಯಾಗಿತ್ತು.

ಅವಳು ಆ ಉಣ್ಣೆಯನ್ನು ಕೆಂಪು ತೋಳಿನ ಪಕ್ಕಕ್ಕಿಟ್ಟಳು. ಓಡಿಹೋಗಿ ಲೆಕ್ಕ ತೆಗೆದು ನೋಡಿದೆ. “ನೋಡು, ಲೆಕ್ಕದಲ್ಲಿ ಒಂಚೂರೂ ತಪ್ಪಿಲ್ಲ. ಹನ್ನೊಂದಕ್ಕೆ ಒಂದು ಕೂಡಿಸಿದ್ರೆ ಹನ್ನೆರಡು. ಅದ್ರಲ್ಲಿ ಅರ್ಧ ಆರು. ಆರು ಗಂಟೆಗೆ ಬರೋದು ಈ ಬಣ್ಣವೇ.”

“ಹನ್ನೊಂದಕ್ಕೆ ತಿಂಡಿ ತಿಂದು ಒಂದಕ್ಕೆ ಊಟ ಮಾಡಿದ್ರೆ, ನಡುವೆ ಸಂಜೆ ಆಗೋಗತ್ತಾ?”

ಹನ್ನೊಂದಕ್ಕೂ ಒಂದಕ್ಕೂ ನಡುವೆ ಬರುವುದು ಹನ್ನೆರಡು, ಅಂದರೆ ಅಪ್ಪಟ ಕೆಂಪು! ನಾಲ್ಕು ವರ್ಷ ಓದಿ ಪಡೆದ ಪದವಿಗೆ ಹೊಳೆಯದ್ದು ಇವಳಿಗೆ ಒಂದು ಊಟದ ಹೊತ್ತಿನಲ್ಲಿ ಹೊಳೆದಿತ್ತು! ಬೇರೆ ಉಣ್ಣೆಗೆ ಕೆಂಪು ಹಾಕಿಸೋಣವೆಂದರೆ ಅಜ್ಜನ ಅಂಗಡಿ ಸೋಮವಾರದವರೆಗೆ ಬಂದ್.

“ಒಂದೇ ತೋಳಿನ ಸ್ವೆಟರ್ ಹಾಕಿ ಅಪ್ಪನ್ನ ನಿಲ್ಲಿಸೋಕಾಗಲ್ಲ,” ಎಂದು ಅವಳು ಸೂಜಿ ಕೈಗೆತ್ತಿಕೊಂಡಳು. ಎರಡು ದಿನ ಆ ಸೂಜಿಗಳು ನನ್ನ ಕಡೆಗೇ ನೋಡುತ್ತಿದ್ದವು.

ಭಾನುವಾರ ಮಾವ ಸ್ವೆಟರನ್ನು ಹಿಡಿದು ತೋಳನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಮಗಳ ಮುಖ ನೋಡಿ ತೊಟ್ಟುಕೊಂಡರು. ಊಟದ ಮೇಜುಗಳ ನಡುವೆ ನಿಂತು ಮಾತಿಗೆ ಶುರುಮಾಡಿದರು.

“ಎಷ್ಟು ಹೇಳಿದ್ರೂ ಎಡ ಯಾವ್ದು ಬಲ ಯಾವ್ದು ಗೊತ್ತಾಗದ ಮಕ್ಕಳಿದ್ರು. ಈ ಸ್ವೆಟರ್ ಮೊದಲೇ ಸಿಕ್ಕಿದ್ರೆ, ಕೆಂಪು ಎಡ, ನೀಲಿ ಬಲ ಅಂತ ಒಂದೇ ದಿನದಲ್ಲಿ ಕಲಿಸ್ತಿದ್ದೆ.”

ಸಭೆ ಗೊಳ್ಳೆಂದು ನಕ್ಕಿತು. ಹೆಂಡತಿಯೂ ನಕ್ಕಳು. ಬದುಕಿದೆ ಎಂದುಕೊಂಡೆ. ಮಾವ ಅಲ್ಲಿಗೇ ನಿಲ್ಲಿಸಬಹುದಿತ್ತು.

“ಈ ಬಣ್ಣ ಆರಿಸಿದ್ದು ನಮ್ಮ ಅಳಿಯಂದಿರು. ನಿಮ್ಮ ಮುಂದಿರೋ ಸಾಸ್ ಇದೆಯಲ್ಲ, ಅದಕ್ಕೆ ಹಾಕೋ ಟೊಮೇಟೊ ಕೆಂಪಗಾಗಿದೆಯೋ ಇಲ್ವೋ ಅಂತ ತೀರ್ಮಾನ ಮಾಡೋದೂ ಅವರೇ.”

ನಗು ನಿಂತಿತು. ಸಭೆಯ ಕಣ್ಣುಗಳೆಲ್ಲ ನೀಲಿ ತೋಳನ್ನು ನೋಡಿದವು, ಆಮೇಲೆ ಸಾಸನ್ನು ನೋಡಿದವು. ಮುಂದಿನ ಮೇಜಿನ ಹೆಡ್‌ಮಿಸ್ಟ್ರೆಸ್ ತಮ್ಮ ಮುಂದಿದ್ದ ಬಾಟಲಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಪಕ್ಕದವರು ಅದನ್ನು ಇನ್ನೂ ಪಕ್ಕಕ್ಕೆ ದಾಟಿಸಿದರು. ಹಾಗೆ ಕೈಯಿಂದ ಕೈಗೆ ದಾಟುತ್ತ ಸಭಾಂಗಣದ ಸಾಸ್ ಬಾಟಲಿಗಳೆಲ್ಲ ನನ್ನ ತಟ್ಟೆಯ ಮುಂದೆ ಬಂದು ಸಾಲಾಗಿ ನಿಂತವು.

ನಾನು ಒಂದರ ಮುಚ್ಚಳ ತೆಗೆದೆ. ಬಗ್ಗಿ ನೋಡಿದೆ. ಆಮೇಲೆ ಯಾವುದಕ್ಕೂ ಇರಲಿ ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

“ಇದು ಕೆಂಪು ತಾನೇ?”